ಏಳು ನೀರಿನ ಪಲ್ಯ

ಹುಲಿಗವ್ವನ ಮನೆಯಲ್ಲಿ ಪಲ್ಯದ ಸೊಪ್ಪು ತೊಳೆಯುವುದಕ್ಕೂ ಒಂದು ಲೆಕ್ಕವಿತ್ತು. ಮೆಂತ್ಯಕ್ಕೆ ಎರಡು ನೀರು, ರಾಜಗಿರಿಗೆ ಎರಡು ನೀರು, ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುವ ಹಕ್ಕರಕಿಗೆ ಮೂರು ನೀರು. ಮದುವೆಯಾಗಿ ಬಂದ ವಾರದಲ್ಲಿ ಅತ್ತೆ ಕಲಿಸಿದ ಲೆಕ್ಕ ಅದು. ರಸ್ತೆಯ ಆಚೆ ಕಬ್ಬಿಣದ ಫ್ಯಾಕ್ಟರಿ ಬಂದ ಮೇಲೆ ಅದು ನಾಲ್ಕಾಯಿತು, ಎರಡನೆಯ ಚಿಮಣಿ ಎದ್ದ ಮೇಲೆ ಐದಾಯಿತು, ಈ ಚಳಿಗಾಲಕ್ಕೆ ಏಳಕ್ಕೆ ಬಂದು ನಿಂತಿತ್ತು. ಮೊದಲನೆಯ ನೀರು ಕಾಡಿಗೆ ಕದಡಿದಂತೆ ಕಪ್ಪು. ಏಳನೆಯದು ತಿಳಿಯಾಗಿ ಕಂಡ ದಿನ ಹುಲಿಗವ್ವನಿಗೆ ಏನೋ ಗೆದ್ದಂತಾಗುತ್ತಿತ್ತು.

ಅಷ್ಟು ತೊಳೆದರೂ ಆ ಸೋಮವಾರ ಮಧ್ಯಾಹ್ನದ ಊಟದಲ್ಲಿ ಮಗ ಕೊಟ್ರೇಶನ ಬಾಯಲ್ಲಿ ಕಟಕ್ ಎಂದಿತು. ಹುಲಿಗವ್ವನಿಗೆ ಕೇಳಿಸಿತು, ಸೊಸೆ ಪಂಪಾವತಿಗೆ ಕೇಳಿಸಿತು, ಒಂಬತ್ತನೇ ತರಗತಿಯ ಮೊಮ್ಮಗಳು ಮೇಘಾ ಕೈಯಲ್ಲಿದ್ದ ತುತ್ತನ್ನು ಹಾಗೇ ತಾಟಿಗಿಟ್ಟಳು. ಕೊಟ್ರೇಶ ತಲೆ ಎತ್ತದೆ ನುಂಗಿಬಿಟ್ಟ. ಅವನು ಅದೇ ಫ್ಯಾಕ್ಟರಿಯ ಗೇಟಿನಲ್ಲಿ ಲಾರಿ ತೂಗುವ ಕಾಟಾದ ಮೇಲೆ ಗುತ್ತಿಗೆ ಕೆಲಸದಲ್ಲಿದ್ದ. ಉಗುಳಿದರೆ ಹೆಂಡತಿಯ ಮಾತು ಶುರುವಾಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನುಂಗಿದರೂ ಶುರುವಾಯಿತು.

“ಏನ್ ಸಿಕ್ತ್ರಿ?”

“ಏನಿಲ್ಲ. ಜೋಳದಾಗಿನ ಹರಳ ಇರಬೇಕು.”

“ಜೋಳ ಹಸನ ಮಾಡಿದಾಕಿ ನಾನು. ನಿಮ್ಮ ಫ್ಯಾಕ್ಟರಿ ಹೆಸರ ಹೇಳಾಕ ಬಾಯಿ ಬರೂದಿಲ್ಲ ನಿಮಗ, ನನ್ನ ಜೋಳಕ್ಕ ಹೆಸರ ಇಡ್ತೀರಿ.”

“ಹಂಗಂದ್ರ ಬಿತ್ತೂದ ಬಿಟ್ಟ ಬಿಡ್ರಿ,” ಎಂದ ಕೊಟ್ರೇಶ. ಲಾರಿ ಮಾಲೀಕ ರುದ್ರೇಶ ಎರಡು ತಿಂಗಳಿಂದ ಕೇಳುತ್ತಿದ್ದನಂತೆ. ಮನೆಯ ಹಿಂದಿನ ಇಪ್ಪತ್ತು ಗುಂಟೆಯನ್ನು ಸಮ ಮಾಡಿಸಿ, ಗರಸು ಹಾಕಿಸಿ, ಲಾರಿ ನಿಲ್ಲಿಸಲು ಬಾಡಿಗೆಗೆ ತೆಗೆದುಕೊಳ್ಳುತ್ತಾನಂತೆ. ತಿಂಗಳು ತಿಂಗಳು ದುಡ್ಡು ಮನೆಬಾಗಿಲಿಗೆ ಬರುತ್ತದಂತೆ.

ಹುಲಿಗವ್ವ ತಾಟು ಸರಿಸಿ ಹಿತ್ತಲ ಕಡೆ ನೋಡಿದಳು. ಆ ಇಪ್ಪತ್ತು ಗುಂಟೆ ಅವಳ ತೋಟ. ಗಂಡ ತೀರಿಕೊಂಡ ವರ್ಷ ಅದೇ ಅವಳನ್ನೂ ನಾಲ್ಕು ವರ್ಷದ ಕೊಟ್ರೇಶನನ್ನೂ ಸಾಕಿದ್ದು. ಮಡಿ ಮಡಿಯಾಗಿ ಮೆಂತ್ಯ, ಸಬ್ಬಸಿಗೆ, ರಾಜಗಿರಿ, ಹಕ್ಕರಕಿ, ಬದುವಿನ ಮೇಲೆ ನುಗ್ಗೆ, ಕರಿಬೇವು, ಒಂದು ನಿಂಬೆ ಗಿಡ. ಅದರ ಮೇಲೆ ಲಾರಿ ನಿಲ್ಲುವುದನ್ನು ನೆನೆದರೆ ತನ್ನ ಎದೆಯ ಮೇಲೇ ಚಕ್ರ ಹತ್ತಿಸಿದಂತೆ ಅನ್ನಿಸಿತು ಅವಳಿಗೆ.

ಇಲ್ಲಿ ಹುಲಿಗವ್ವನ ಸ್ವಭಾವದ ಬಗ್ಗೆ ಒಂದು ಮಾತು ಹೇಳಲೇಬೇಕು, ಮುಂದಿನ ಫಜೀತಿಗೆಲ್ಲ ಅದೇ ಮೂಲ. ಅವಳಷ್ಟು ಸ್ವಚ್ಛದ ಹೆಂಗಸು ಸುತ್ತ ನಾಲ್ಕು ಊರಲ್ಲಿ ಇರಲಿಲ್ಲ. ಮಾರಲು ಒಯ್ಯುವ ಪಲ್ಯವನ್ನು ಸೂಡು ಕಟ್ಟುವಾಗ ಒಂದು ಹಳದಿ ಎಲೆ ಕಂಡರೂ ಚಿವುಟಿ ಒಗೆಯುತ್ತಿದ್ದಳು. ಎಮ್ಮೆಯ ಕೊಂಬಿಗೂ ಎಣ್ಣೆ ಹಚ್ಚುತ್ತಿದ್ದಳು. ಮನೆಗೆ ಯಾರಾದರೂ ಬರುತ್ತಾರೆ ಎಂದರೆ ಅಂಗಳ ಸಾರಿಸಿ, ಹಂಡೆ ಬೆಳಗಿ, ಬಾಗಿಲ ಚೌಕಟ್ಟನ್ನೂ ಒರೆಸಿ ನಿಲ್ಲುವವಳು. ಓಣಿಯವರು ಹಿಂದಿನಿಂದ ನಗುತ್ತಿದ್ದರು, ಎದುರಿಗೆ ಹೊಗಳುತ್ತಿದ್ದರು. ಕೊಪ್ಪಳದ ಮಾರುಕಟ್ಟೆಯಲ್ಲಿ ಹುಲಿಗವ್ವನ ಸೂಡೆಂದರೆ ಗಿರಾಕಿಗಳು ಬಿಚ್ಚಿ ನೋಡದೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ ಕಾಲವಿತ್ತು.

ಆ ಕಾಲ ಮುಗಿಯುತ್ತ ಬಂದದ್ದು ಅದೇ ವಾರ ಗೊತ್ತಾಯಿತು. ಮಾರುಕಟ್ಟೆಯಲ್ಲಿ ಅವಳ ಪಕ್ಕಕ್ಕೆ ಅದೇ ಊರಿನ ಮೆಹಬೂಬಬೀ ಕೂರುತ್ತಿದ್ದಳು. ಇಪ್ಪತ್ತು ವರ್ಷದ ಜೋಡಿ ಅದು. ಈಗ ಗಿರಾಕಿಗಳು ಇಬ್ಬರ ಸೂಡಿಗೂ ಬೆರಳು ಹಚ್ಚಿ ತಿಕ್ಕಿ, ಬೆರಳು ನೋಡಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ಗುರುವಾರ ಬಸ್‌ಸ್ಟ್ಯಾಂಡಿನ ಬಳಿಯ ಖಾನಾವಳಿಯ ಭವಾನಿ ತಾನೇ ಬಂದಳು. ದಿನಾ ಹತ್ತು ಸೂಡು ಒಯ್ಯುವವಳು. ಹಸಿ ಪಲ್ಯದಲ್ಲಿ ಹಲ್ಲಿಗೆ ಕಸರು ಸಿಕ್ಕಿತೆಂದು ಗಿರಾಕಿಯೊಬ್ಬ ಊಟ ಬಿಟ್ಟು ಎದ್ದನಂತೆ. ಬೇಸರ ಮಾಡಿಕೊಳ್ಳಬೇಡಿ ಎಂದು ನಾಲ್ಕು ಸಲ ಹೇಳಿ, ನಾಳೆಯಿಂದ ಬೇಡ ಎಂದು ಒಂದು ಸಲ ಹೇಳಿ ಹೋದಳು. ಕಸರಿನ ಪಲ್ಯ ಮಾರುವವಳು ಎಂದು ಹುಲಿಗವ್ವ ಅನ್ನಿಸಿಕೊಂಡದ್ದು ಅದೇ ಮೊದಲು. ಬಸ್ಸಿನಲ್ಲಿ ಬರುವಾಗ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಸೊಸೆ ಅಳುವ ಪೈಕಿ ಅಲ್ಲ. ಬೇವೂರಿನ ಕಡೆಯ ಹೆಣ್ಣು, ಒಣ ಹೊಲದಲ್ಲಿ ಬೆಳೆದವಳು, ಎದ್ದರೆ ಕೂರುವುದನ್ನು ಅರಿಯಳು. ಮೇಘಾಳ ಕೈಯಿಂದ ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆಸಿದಳು. ಮೆಂತ್ಯದ ಅಂಚು ಸುಟ್ಟಂತಾಗುವುದು, ಹಕ್ಕರಕಿಯ ನರದ ನಡುವೆ ಬಿಳಿ ಚುಕ್ಕೆ ಬೀಳುವುದು, ನುಗ್ಗೆಯ ಹೂವು ಕಾಯಾಗುವ ಮೊದಲೇ ಉದುರುವುದು ಎಲ್ಲವನ್ನೂ ಬರೆಸಿದಳು. ಹುಲಿಗವ್ವ ಮೊದಲ ಹೆಬ್ಬೆಟ್ಟು ಒತ್ತಿದಳು, ಮೆಹಬೂಬಬೀ ಎರಡನೆಯದು. ಕೊನೆಗೆ ಇಪ್ಪತ್ತಮೂರು ಮನೆಯವರು ಸೇರಿದರು. ಮಾಲಿನ್ಯ ನೋಡುವ ಆಫೀಸಿಗೆ ಪಂಪಾವತಿ ಮೂರು ಸಲ ತಿರುಗಿದಳು. ಮೂರನೆಯ ಸಲ ಸುನಿತಾ ಎಂಬ ಅಧಿಕಾರಿ, ಗಂಗಾವತಿ ಕಡೆಯವರಂತೆ, ಮುಂದಿನ ಗುರುವಾರ ಬಂದು ಎಲೆಯ ಮೇಲಿನ ಧೂಳು ನೋಡಿ ವರದಿ ಬರೆಯುವುದಾಗಿ ಒಪ್ಪಿಕೊಂಡರು.

ಇತ್ತ ಕೊಟ್ರೇಶನನ್ನು ಸೂಪರ್‌ವೈಸರ್ ರವಿಕುಮಾರ ಕಾಟಾದ ಹತ್ತಿರವೇ ನಿಲ್ಲಿಸಿಕೊಂಡು ಅರ್ಜಿಯ ಮೊದಲ ಹೆಸರು ಯಾರದು ಎಂದು ಕೇಳಿದ. ಗುತ್ತಿಗೆಯ ಹೊಸ ಪಟ್ಟಿ ಮಾರ್ಚಿಗೆ ಬರುತ್ತದೆ ಎಂದೂ ನೆನಪಿಸಿದ. ಅದನ್ನು ಮನೆಯಲ್ಲಿ ಹೇಳಿದ ದಿನ ಒಲೆಯ ಮೇಲಿನ ರೊಟ್ಟಿ ಹೊತ್ತಿಹೋಯಿತು, ಜಗಳ ಆರಲಿಲ್ಲ. ಕೆಲಸ ಹೋದರೆ ಹೊಟ್ಟೆಗೇನು ಎಂದು ಅವನು, ಮಗಳ ಕೆಮ್ಮಿಗೆ ಯಾರು ಹೊಣೆ ಎಂದು ಅವಳು. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಧೂಳು ಇದೆ ಎಂದು ವರದಿ ಬಂದರೆ ತೋಟ ಉಳಿಯುವುದು, ಫ್ಯಾಕ್ಟರಿಯವರಿಗೆ ಚಿಮಣಿಗೆ ಜಾಲರಿ ಹಾಕಿ ಎನ್ನಲು ಒಂದು ಕಾಗದವಾದರೂ ಇರುತ್ತದೆ. ಇಲ್ಲ ಎಂದು ಬಂದರೆ ತೋಟ ರುದ್ರೇಶನ ಲಾರಿಗಳಿಗೆ. ಹುಲಿಗವ್ವ ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದಳು.

ಗುರುವಾರ ಬಂತು. ಅಧಿಕಾರಿಗೆ ಹಳ್ಳಿಯ ದಾರಿ ತಿಳಿಯದೆಂದು ಪಂಪಾವತಿ ಮೊದಲ ಬಸ್ಸಿಗೇ ಕೊಪ್ಪಳಕ್ಕೆ ಹೊರಟಳು, ಸಾಲೆಗೆ ಹೋಗುವ ಮೇಘಾಳನ್ನೂ ಕರೆದುಕೊಂಡಳು. ಹೊಸ್ತಿಲು ದಾಟುವಾಗ ತಿರುಗಿ ಒಂದು ಮಾತು ಹೇಳಿದಳು.

“ಅತ್ತೀ, ಹತ್ತಕ್ಕ ಮಂದಿ ಬರ್ತಾರ. ತ್ವಾಟ ಎಲ್ಲಾ ಛಲೋತ್ನಾಗಿ ತೋರಿಸಬೇಕು ನೋಡ್ರಿ.”

ಛಲೋತ್ನಾಗಿ. ಆ ಒಂದು ಮಾತು ಹುಲಿಗವ್ವನ ತಲೆಯಲ್ಲಿ ಕೂತಿತು. ಬೆಳಕು ಹರಿದ ಮೇಲೆ ಹಿತ್ತಲಿಗೆ ಹೋಗಿ ನೋಡಿದರೆ ತೋಟ ಛಲೋ ಇರಲಿಲ್ಲ. ಇಬ್ಬನಿಗೆ ಧೂಳು ಮೆತ್ತಿಕೊಂಡು ಮೆಂತ್ಯದ ಮಡಿಯೆಲ್ಲ ಬೂದಿ ಬಣ್ಣವಾಗಿತ್ತು. ನಿಂಬೆ ಎಲೆಯ ಮೇಲೆ ಬೆರಳಿನಿಂದ ಅಕ್ಷರ ಬರೆಯಬಹುದಿತ್ತು. ಕೊಪ್ಪಳದಿಂದ ದೊಡ್ಡವರು ಬರುತ್ತಾರೆ, ಇಂಥ ಹೊಲಸು ತೋಟ ತೋರಿಸುವುದೇ? ಈ ಮನೆಯವರೇ ಹೊಲಸು ಎಂದು ಸೊಸೆಯ ಮುಖದ ಮೇಲೆ ಅಂದುಬಿಟ್ಟರೆ? ಧೂಳು ನೋಡುವವರು ಚಿಮಣಿ ನೋಡುತ್ತಾರೆ, ಮನೆಗೆ ಬಂದವರು ಅತಿಥಿಗಳು ಎಂಬುದು ಅವಳ ಲೆಕ್ಕ. ಹುಲಿಗವ್ವ ಬೇರೇನೂ ಯೋಚಿಸಲಿಲ್ಲ, ಸೀರೆಯ ಕಚ್ಚೆ ಮೇಲೆ ಕಟ್ಟಿದಳು.

ತ್ರೀ ಫೇಸ್ ಕರೆಂಟು ಬಂದ ಕೂಡಲೇ ಮೋಟರು ಹಚ್ಚಿ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಮಡಿ ಮಡಿಗೂ ಮಳೆ ಬಂದ ಹಾಗೆ ನೀರು ಹೊಡೆದಳು. ಕರಿಬೇವಿಗೆ ಹೊಡೆದಳು, ನುಗ್ಗೆಗೆ ಕೈಗೆ ಎಟುಕುವಷ್ಟು ಹೊಡೆದಳು. ನಿಂಬೆ ಗಿಡದ ಎಲೆಗಳನ್ನು ಹಳೆಯ ಅರಿವೆಯಿಂದ ಒಂದೊಂದಾಗಿ ಒರೆಸಿದಳು. ಆಮೇಲೆ ಸೂಡು ಕಟ್ಟುವಾಗ ಮಾಡುವಂತೆ, ಅಂಚು ಸುಟ್ಟ ಗಿಡಗಳನ್ನೂ ಚುಕ್ಕೆ ಬಿದ್ದ ಹಕ್ಕರಕಿಯನ್ನೂ ಕಿತ್ತು ಎರಡು ಬುಟ್ಟಿ ತಿಪ್ಪೆಗೆ ಹಾಕಿದಳು. ಒಂಬತ್ತರ ಹೊತ್ತಿಗೆ ತೋಟ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಮೋಟರು ನಿಲ್ಲಿಸುವುದನ್ನು ಮರೆತು ಒಳಗೆ ಹೋಗಿ, ಮಿಂದು, ಇಳಕಲ್ ಸೀರೆ ಉಟ್ಟು ಚಹಾಕ್ಕೆ ನೀರಿಟ್ಟಳು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಕೊಟ್ರೇಶ, ನೀರು ರಸ್ತೆಗೆ ಹರಿಯುತ್ತಿದೆ ಎಂದು ಯಾರೋ ಕೂಗಿದ್ದಕ್ಕೆ ಎದ್ದು ಹೋಗಿ ಮೋಟರು ನಿಲ್ಲಿಸಿ ಬಂದ. ಮೊಣಕಾಲಿನವರೆಗೂ ಕೆಸರಾಗಿತ್ತು. ಅವ್ವನನ್ನು ಒಂದು ಗಳಿಗೆ ನೋಡಿ ಕಟ್ಟೆಯ ಮೇಲೆ ಕೂತ.

ಹತ್ತಕ್ಕೆ ಸುನಿತಾ ಮೇಡಂ ಬಂದರು. ಜೊತೆಗೆ ಒಬ್ಬ ಸಹಾಯಕ, ಫ್ಯಾಕ್ಟರಿಯ ಪರವಾಗಿ ರವಿಕುಮಾರ, ಹಿಂದೆ ಪಂಪಾವತಿ, ಅವರ ಹಿಂದೆ ಅರ್ಜಿಗೆ ಹೆಬ್ಬೆಟ್ಟು ಒತ್ತಿದ ಅರ್ಧ ಊರು. ಹೊತ್ತೇರಿ ಎಲೆಯೆಲ್ಲ ಒಣಗಿತ್ತು. ಮೇಡಂ ಬಿಳಿ ಬಟ್ಟೆಯಿಂದ ಎಲೆ ಒರೆಸಿ ನೋಡಿದರು, ಬಟ್ಟೆ ಬಿಳಿಯಾಗಿಯೇ ಉಳಿಯಿತು. ಇನ್ನೊಂದು ಕಡೆ ಒರೆಸಿದರು, ಅಲ್ಲಿಯೂ ಹಾಗೇ. ಸುಟ್ಟ ಗಿಡ ತೋರಿಸುತ್ತೇನೆ ಎಂದು ಪಂಪಾವತಿ ಕೊನೆಯ ಮಡಿಗೆ ಕರೆದೊಯ್ದಳು. ಅಲ್ಲಿ ಬರೀ ಹಸಿ ಮಣ್ಣು.

“ಭಾಳ ಚಂದ ಇಟ್ಟೀರಿ ತ್ವಾಟ, ಅಜ್ಜಿ,” ಎಂದರು ಮೇಡಂ. ಹುಲಿಗವ್ವ ಖುಷಿಯಿಂದ ಚಹಾದ ತಟ್ಟೆ ಮುಂದಕ್ಕೆ ಹಿಡಿದಳು. ರವಿಕುಮಾರ ಮೀಸೆಯೊಳಗೇ ನಕ್ಕ. ಆಗಲೂ ಅವಳಿಗೆ ತಿಳಿಯಲಿಲ್ಲ ನೋಡಿ, ಅದೇ ಸಂಕಟದ ಸಂಗತಿ.

ತಿಳಿದದ್ದು ಮೇಡಂ, ರವಿಕುಮಾರ ಹೋದ ಮೇಲೆ. ಪಂಪಾವತಿ ಅಂಗಳದಲ್ಲಿ ನಿಂತು ಗಂಡನ ಕಾಲಿನ ಕೆಸರನ್ನೇ ನೋಡುತ್ತಿದ್ದಳು. ಧ್ವನಿ ಏರಿಸದೆ ಕೇಳಿದಳು. “ಮೋಟರ್ ಹಚ್ಚಿದಾಂವ ಯಾರು?”

“ಬಂದ್ ಮಾಡಿದಾಂವ ನಾನು.”

“ಹಚ್ಚಿದಾಂವನೂ ನೀವ. ಆ ಧೂಳ ಒಂದ ನಮಗಿದ್ದ ಸಾಕ್ಷಿ. ಅದನ್ನ ತೊಳದ ಚೆಲ್ಲಿದ್ರಿ. ಎಷ್ಟ ದಿನಕ್ಕ ಕೆಲಸ ಕಾಯಂ ಮಾಡ್ತೀನಿ ಅಂದಾನ ನಿಮ್ಮ ರವಿಕುಮಾರ?”

ತಾನು ಬೆಳಿಗ್ಗೆ ತೊಳೆದದ್ದು ಏನನ್ನು ಎಂದು ಹುಲಿಗವ್ವನಿಗೆ ಆಗ ತಿಳಿಯಿತು. ಕೈಯಲ್ಲಿದ್ದ ಚಹಾದ ಗ್ಲಾಸುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಕೊಟ್ರೇಶ ಅವ್ವನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ, ಆಮೇಲೆ ಕಾಲು ತೊಳೆಯಲು ಬಚ್ಚಲಿಗೆ ಹೋದ. ಆಗಲೇ ಹೇಳಬೇಕಿತ್ತು ಅವಳು. ಬೇಲಿಯ ಆಚೆ ಮೆಹಬೂಬಬೀ ನಿಂತಿದ್ದಳು, ಅವಳ ಹಿಂದೆ ನಾಲ್ಕು ಜನ. ಇಪ್ಪತ್ತಮೂರು ಮನೆಯ ಅರ್ಜಿಯನ್ನು ಕೆಡಿಸಿದವಳು ತಾನು ಎಂದು ಅಷ್ಟು ಜನರ ಮುಂದೆ ನಾಲಿಗೆ ಹೊರಳಲಿಲ್ಲ. ಒಳಗೆ ಹೋಗಿ ತೊಳೆದ ಗ್ಲಾಸುಗಳನ್ನೇ ಮತ್ತೆ ತೊಳೆದಳು.

ಅಂದು ಹೇಳದ ಮಾತು ಮರುದಿನ ಎರಡು ಪಾಲು ಭಾರವಾಯಿತು, ವಾರದೊಳಗೆ ಎತ್ತಲಾರದಷ್ಟಾಯಿತು. ಪಂಪಾವತಿ ಗಂಡನ ಜೊತೆ ಮಾತು ಬಿಟ್ಟಳು. ಊಟಕ್ಕೆ ಬರಬೇಕಂತೆ ಹೇಳು ಎಂದು ಮಗಳಿಗೆ ಹೇಳುವಳು, ಮೂರು ಮೊಳ ದೂರದಲ್ಲಿ ಅವನು ಕೂತಿರುತ್ತಿದ್ದ. ತಾಟು ನೆಲದ ಮೇಲೆ ಜಾರಿಸಿ ಹಿಂತಿರುಗಿ ನೋಡದೆ ಹೋಗುವಳು. ಕೊಟ್ರೇಶ ಉಪ್ಪಿಲ್ಲದ ಸಾರನ್ನೂ ತುಟಿ ಪಿಟಕ್ಕೆನ್ನದೆ ಉಂಡು ಎದ್ದುಹೋಗುತ್ತಿದ್ದ. ಊರಿನವರು ಅವನನ್ನು ನೋಡಿ ಮಾತು ನಿಲ್ಲಿಸುವುದನ್ನು ಕಲಿತರು. ಕಟಿಂಗ್ ಅಂಗಡಿಯಲ್ಲಿ ಯಾರೋ ಅವನ ಚಪ್ಪಲಿಗೆ ಬೂದಿ ತುಂಬಿಟ್ಟಿದ್ದರು. ಅದನ್ನು ಮೇಘಾ ಮನೆಗೆ ಬಂದು ಹೇಳುವಾಗ ಅತ್ತುಬಿಟ್ಟಳು.

ಮಾರುಕಟ್ಟೆಯಲ್ಲಿ ಮೆಹಬೂಬಬೀ ಬುಟ್ಟಿಯನ್ನು ಎರಡು ಮೊಳ ಆಚೆಗೆ ಸರಿಸಿ ಇಟ್ಟಳು. ಮೂರನೆಯ ದಿನ ಅವಳೇ ತಡೆಯಲಾರದೆ ಹೇಳಿದಳು. “ನಿಮ್ಮ ಮ್ಯಾಲೆ ಸಿಟ್ಟಿಲ್ಲ ಹುಲಿಗವ್ವಕ್ಕ. ಆದ್ರ ಕೊಟ್ರೇಶ ಹಂಗ ಮಾಡಬಾರದಿತ್ತು. ನಮ್ಮ ಎದಿಹಾಲ ಕುಡದ ಹುಡುಗನ್ನ ನಂಬದಂಗ ಆತು.” ಕೊಟ್ರೇಶ ಕೂಸಾಗಿದ್ದಾಗ ಹುಲಿಗವ್ವನಿಗೆ ಜ್ವರ ಬಂದು, ಮೆಹಬೂಬಬೀ ಹದಿನೈದು ದಿನ ಅವನಿಗೆ ಹಾಲೂಡಿಸಿದ್ದಳು. ಹುಲಿಗವ್ವ ಸೂಡಿಗೆ ನೀರು ಚಿಮುಕಿಸುತ್ತ ಕೂತಳು. ಮನೆಗೆ ಬಂದು ಆ ದಿನದ ಮೆಂತ್ಯವನ್ನು ಹತ್ತು ನೀರಿನಲ್ಲಿ ತೊಳೆದಳು, ಎಲೆ ಹರಿದು ಚಿಂದಿಯಾಯಿತು.

ಎಳ್ಳಮಾವಾಸ್ಯೆಗೆ ಮೂರು ದಿನ ಮುಂಚೆ ಆಫೀಸಿನ ಕಾಗದ ಬಂತು. ಮೇಘಾ ಓದಿದಳು. ಸ್ಥಳ ಪರಿಶೀಲನೆಯ ವೇಳೆ ಎಲೆಗಳ ಮೇಲೆ ಗಮನಾರ್ಹ ಧೂಳು ಕಂಡುಬಂದಿಲ್ಲ, ಗಿಡಗಳು ಆರೋಗ್ಯವಾಗಿವೆ. ಪಂಪಾವತಿ ಕಾಗದ ಮಡಚಿ ದೇವರ ಗೂಡಿನಲ್ಲಿಟ್ಟಳು, ಅಷ್ಟೇ. ಹಬ್ಬದ ದಿನ ಎಲ್ಲರೂ ತೋಟಕ್ಕೆ ಹೋಗಿ ಸುತ್ತಲೂ ಚರಗ ಚೆಲ್ಲಿದರು. ಹೊಲಕ್ಕೆ ನಾವು ಉಣಿಸುವ ಒಂದು ದಿನ ಅದು. ಸಜ್ಜಿ ರೊಟ್ಟಿಯ ಚೂರನ್ನು ಹುಲಿಗವ್ವ ಒಂದೊಂದಾಗಿ ಮಡಿಗೆ ಒಗೆದಳು. ಮುಂದಿನ ವರ್ಷ ಲಾರಿಯ ಗಾಲಿಗೆ ಚರಗ ಚೆಲ್ಲುವುದೇನೋ ಎಂದುಕೊಂಡಳು.

ಹಬ್ಬದ ಮರುದಿನ ರುದ್ರೇಶ ಟೇಪು ಹಿಡಿದುಕೊಂಡು ಬಂದ. ಅವನ ಆಳು ಒಂದು ತುದಿಯನ್ನು ನಿಂಬೆ ಗಿಡಕ್ಕೆ ಸಿಕ್ಕಿಸಿ ಎಳೆಯುತ್ತ ಹೋದ, ಹಕ್ಕರಕಿಯ ಮಡಿಯನ್ನು ತುಳಿಯುತ್ತ. ಕೊಟ್ರೇಶ ಬದುವಿನ ಮೇಲೆ ನಿಂತಿದ್ದ. ಅದೇ ಹೊತ್ತಿಗೆ ಪಂಪಾವತಿ ಕೈಯಲ್ಲಿ ಚೀಲ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು, ಮೇಘಾಳ ಪುಸ್ತಕಗಳೂ ಅದರಲ್ಲಿದ್ದವು.

“ಅತ್ತೀ, ನಾ ಬೇವೂರಿಗೆ ಹೊಂಟೀನಿ. ಮಗಳನ್ನ ಅಲ್ಲೇ ಸಾಲಿಗೆ ಹಾಕ್ತೀನಿ. ನಿಮ್ಮ ಮ್ಯಾಲೆ ನನಗ ಏನೂ ಇಲ್ಲ. ಕದ್ದ ತೊಳ್ಯಾವನ ಜೋಡಿ ನಾ ಬಾಳ್ವೆ ಮಾಡಾಕ ಆಗೂದಿಲ್ಲ.”

ಹುಲಿಗವ್ವ ಹೊಸ್ತಿಲಿಗೆ ಅಡ್ಡ ಕೂತಳು. ಮಾತು ಹೇಗೆ ಹೊರಬಂತೋ ಅವಳಿಗೇ ಗೊತ್ತಾಗಲಿಲ್ಲ.

“ತೊಳದಾಕಿ ನಾನು, ಪಂಪವ್ವ.”

ಟೇಪು ಹಿಡಿದವರೂ ನಿಂತರು. ಹುಲಿಗವ್ವ ನೆಲ ನೋಡುತ್ತ ಎಲ್ಲ ಹೇಳಿದಳು. ಪೈಪು ಹಿಡಿದದ್ದು, ನಿಂಬೆ ಎಲೆ ಒರೆಸಿದ್ದು, ಸುಟ್ಟ ಗಿಡ ಕಿತ್ತದ್ದು. “ಛಲೋತ್ನಾಗಿ ತೋರಿಸ್ರಿ ಅಂದಿದ್ದಿ ನೀನು. ಹೊಲಸ ಇದ್ದದ್ದ ಹೆಂಗ ತೋರಸೂದು ಅಂತ… ನನಗ ತಿಳೀಲಿಲ್ಲ ಯವ್ವಾ. ತಿಳದ ಮ್ಯಾಲೆ ಹೇಳಾಕ ಧೈರ್ಯ ಆಗಲಿಲ್ಲ. ನನ್ನ ಮಗನ ಚಪ್ಪಲಿಗೆ ಬೂದಿ ತುಂಬಿದ್ರೂ ಸುಮ್ಮನಿದ್ದೆ.”

ಪಂಪಾವತಿ ಚೀಲ ಕೆಳಗಿಟ್ಟಳು. ಆಮೇಲೆ ತಿಂಗಳಿನಲ್ಲಿ ಮೊದಲ ಸಲ ಗಂಡನ ಜೊತೆ ನೇರವಾಗಿ ಮಾತಾಡಿದಳು. “ನಿಮಗ ಗೊತ್ತಿತ್ತೇನು?”

“ಮೋಟರ್ ಬಂದ್ ಮಾಡಾಕ ಹೋದಾಗ ನಿಂಬಿ ಗಿಡ ನೋಡಿದ್ನಿ,” ಎಂದ ಕೊಟ್ರೇಶ. “ಗಿಡದ ಎಲಿ ಒಂದೊಂದ ಅರಿವಿಲೆ ಒರಸಾಕಿ ಈ ಊರಾಗ ಅವ್ವ ಒಬ್ಬಾಕೆ.”

“ಮತ್ತ ಹೇಳಾಕ ಏನಾಗಿತ್ತು?”

“ಫ್ಯಾಕ್ಟರಿ ಉಪ್ಪ ತಿನ್ನಾವ ಅಂತ ನನ್ನ ಹೆಸರ ಹೆಂಗೂ ಕೆಟ್ಟೈತಿ. ಅವ್ವಂದ್ಯಾಕ ಕೆಡಸೂದು ಅಂತ ಬಿಟ್ಟೆ.”

ಹುಲಿಗವ್ವ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತಳು. ಇಷ್ಟು ದಿನ ತಾನು ಮಗನನ್ನು ಬಲಿಕೊಟ್ಟೆ ಎಂದು ಬೇಯುತ್ತಿದ್ದಳು. ಅವನು ತಾನಾಗಿಯೇ ಅಡ್ಡ ನಿಂತಿದ್ದ. ಪಂಪಾವತಿ ಚೀಲದ ಮೇಲೇ ಕೂತುಬಿಟ್ಟಳು. “ಛಲೋತ್ನಾಗಿ ಅಂದ್ರ ಸರಿಯಾಗಿ ತೋರಿಸ್ರಿ ಅಂತಿತ್ತು ನನ್ನ ಅರ್ಥ,” ಎಂದಳು, ಮತ್ತೆ ತನಗೇ ಹೇಳಿಕೊಂಡಂತೆ, “ನನ್ನ ಬಾಯಿಗೂ ಬುದ್ಧಿ ಇಲ್ಲ.” ಕೊಟ್ರೇಶ ಬದುವಿನಿಂದ ಇಳಿದು ನಿಂಬೆ ಗಿಡಕ್ಕೆ ಸಿಕ್ಕಿಸಿದ್ದ ಟೇಪನ್ನು ಬಿಡಿಸಿ ರುದ್ರೇಶನ ಕೈಗೆ ಕೊಟ್ಟ. ಇನ್ನೊಂದು ತಿಂಗಳು ತಡೆಯಿರಿ, ಆಮೇಲೆ ನೋಡೋಣ ಎಂದ. ರುದ್ರೇಶ ಮುಖ ಗಂಟಿಕ್ಕಿಕೊಂಡು ಹೋದ.

ಮರುದಿನ ಹುಲಿಗವ್ವ ಮೊದಲು ಮೆಹಬೂಬಬೀಯ ಮನೆಗೆ ಹೋಗಿ ಹೇಳಿದಳು. ಊರಿಗೆ ಹರಡಲು ಅಷ್ಟು ಸಾಕಾಯಿತು. ಆಮೇಲೆ ಸೊಸೆಯ ಜೊತೆ ಆಫೀಸಿಗೆ ಹೋಗಿ ಸುನಿತಾ ಮೇಡಂ ಎದುರು ನಿಂತು ಹೇಳಿದಳು. ಮೇಡಂ ಮೊದಲು ನಕ್ಕರು, ನಗು ನಡುವೆಯೇ ನಿಂತಿತು. ತಮ್ಮ ಅವ್ವನೂ ಹೀಗೇ ಎಂದರು. ಮತ್ತೊಮ್ಮೆ ಬರುವುದಾಗಿ, ಆದರೆ ದಿನ ಹೇಳುವುದಿಲ್ಲ ಎಂದರು. ಅಲ್ಲಿಯವರೆಗೆ ಗಿಡದ ಬುಡಕ್ಕೆ ನೀರು ಬಿಡಬಹುದು, ಎಲೆ ಮುಟ್ಟಬಾರದು, ಒಂದು ಸುಟ್ಟ ಎಲೆಯನ್ನೂ ಕೀಳಬಾರದು.

ಆ ಹದಿನೇಳು ದಿನ ಹುಲಿಗವ್ವನಿಗೆ ಜೈಲಾಯಿತು. ಎಲೆಯ ಮೇಲೆ ದಿನದಿನಕ್ಕೂ ಧೂಳು ಕೂಡುತ್ತಿತ್ತು, ಅವಳ ಬೆರಳು ಜುಮುಗುಡುತ್ತಿತ್ತು. ತೋಟಕ್ಕೆ ಬೆನ್ನು ಮಾಡಿ ಕೂರುವುದನ್ನು ರೂಢಿ ಮಾಡಿಕೊಂಡಳು. ಮೇಡಂ ಬಾರದೇ ಹೋದರೆ? ಬಂದೂ ಮತ್ತೆ ಇಲ್ಲ ಎಂದು ಬರೆದರೆ? ಮಾರ್ಚಿನ ಪಟ್ಟಿಯಲ್ಲಿ ಮಗನ ಹೆಸರು ಬಿಟ್ಟರೆ?

ಹದಿನೆಂಟನೆಯ ದಿನ, ಊಟದ ಹೊತ್ತಿಗೆ ಜೀಪು ಬಂತು. ಫ್ಯಾಕ್ಟರಿಯ ಗೇಟಿನ ಮುಂದೆ ಅದು ಹಾದದ್ದನ್ನು ಕಂಡು ರವಿಕುಮಾರನೂ ಅದರ ಹಿಂದೆಯೇ ಬೈಕಿನಲ್ಲಿ ಬಂದ. ಈ ಸಲ ಬಿಳಿ ಬಟ್ಟೆ ಒಂದೇ ಒರೆಸಿಗೆ ಕಪ್ಪಾಯಿತು. ಮೇಡಂ ಚುಕ್ಕೆ ಬಿದ್ದ ಎಲೆಗಳನ್ನು ಕತ್ತರಿಸಿ ಚೀಲಕ್ಕೆ ಹಾಕಿದರು. ಬದುವಿನ ಮೇಲೆ ಮೊದಲು ತಾನಾಗಿಯೇ ಏನೇನು ಬೆಳೆಯುತ್ತಿತ್ತು ಎಂದು ಕೇಳಿದರು. ಹುಲಿಗವ್ವ ಬೆರಳು ಮಡಚುತ್ತ ಹೇಳಿದಳು. ತುಂಬೆ, ಉತ್ತರಾಣಿ, ಗೋಳಿಪಲ್ಯ, ಹುಳಿಚಿಕ್ಕ, ಕಿರಕಸಾಲಿ, ಗರಿಕೆ. ಈಗ ನುಗ್ಗೆ, ನಿಂಬೆಯ ನಡುವೆ ಗರಿಕೆಯ ನಾಲ್ಕು ಗಂಟು, ಉಳಿದದ್ದೆಲ್ಲ ಜಾಲಿ. ಹುಳಿಚಿಕ್ಕದ ಸೊಪ್ಪು ತಿಂದು ಮೂರು ವರ್ಷವಾಯಿತು ಎಂದಳು. ಮೇಡಂ ಹೆಸರುಗಳನ್ನೆಲ್ಲ ಬರೆದುಕೊಂಡರು.

ರವಿಕುಮಾರ ತಡೆಯಲಾರದೆ ಬಾಯಿ ಹಾಕಿದ. “ಮೇಡಂ, ರೋಡ್ ಬಾಜೂಕಿನ ಹೊಲ ಇದು. ಲಾರಿ ಓಡಾಡಿದ ಧೂಳರಿ. ಒಮ್ಮೆ ತೊಳದ್ರ ಹೋಗ್ತೈತಿ.”

ಊಟದ ಹೊತ್ತಿಗೆ ಬಂದವರನ್ನು ಉಣಿಸದೆ ಕಳಿಸುವುದು ಆ ಮನೆಯಲ್ಲಿ ಇರಲಿಲ್ಲ. ರವಿಕುಮಾರನಿಗೂ ಸೇರಿಸಿ ಹುಲಿಗವ್ವ ಪಡಸಾಲೆಯಲ್ಲಿ ಚಾಪೆ ಹಾಸಿದಳು. ಮೇಡಂ ಬೇಡ ಎಂದರೂ ಕೇಳಲಿಲ್ಲ. ಆಗತಾನೇ ಕಿತ್ತ ಹಕ್ಕರಕಿಯನ್ನು ಬೋಗುಣಿಗೆ ಹಾಕಿ, ಅಂಗಳದ ಬಚ್ಚಲುಕಲ್ಲಿನ ಹತ್ತಿರ ಕೂತು ತೊಳೆಯತೊಡಗಿದಳು. ಮೊದಲ ನೀರು ಕಪ್ಪಗೆ ತಿರುಗಿತು. ಚೆಲ್ಲಲು ಬೋಗುಣಿ ಬಗ್ಗಿಸಿದಳು.

“ಅಜ್ಜಿ, ಆ ನೀರ ಚೆಲ್ಲಬ್ಯಾಡ್ರಿ,” ಎಂದರು ಮೇಡಂ. ಚಾಪೆಯಿಂದ ಎದ್ದು ಬಂದಿದ್ದರು. “ಎಷ್ಟ ನೀರಿನಾಗ ತೊಳೀತೀರಿ ನೀವು?”

“ಏಳ್ರಿ.”

“ಏಳೂ ನನಗ ಬೇಕು. ನನ್ನ ಹತ್ರ ನಾಕ ಬಾಟ್ಲಿ ಅದಾವು.”

ಪಂಪಾವತಿ ಒಳಗೆ ಓಡಿ ಎರಡು ಬಾಟಲಿ ತೊಳೆದು ತಂದಳು. ಒಂದು ಕಡಿಮೆ ಬಿತ್ತು. ಕೊಟ್ರೇಶ ಗೋಡೆಗೆ ತೂಗುಹಾಕಿದ್ದ ಡ್ಯೂಟಿ ಚೀಲದಿಂದ ತನ್ನ ನೀರಿನ ಬಾಟಲಿ ತೆಗೆದ. ಸುರಕ್ಷತಾ ದಿನಕ್ಕೆ ಫ್ಯಾಕ್ಟರಿಯವರೇ ಕೊಟ್ಟದ್ದು, ಮೇಲೆ ಫ್ಯಾಕ್ಟರಿಯ ಹೆಸರಿತ್ತು. ರವಿಕುಮಾರ ನೋಡುತ್ತಿದ್ದಂತೆಯೇ ಒಳಗಿನ ನೀರನ್ನು ಕರಿಬೇವಿನ ಬುಡಕ್ಕೆ ಸುರಿದು, ಎರಡು ಸಲ ಗಲಬರಿಸಿ, ಅವ್ವನ ಪಕ್ಕ ಇಟ್ಟ.

ಹುಲಿಗವ್ವ ತೊಳೆದಳು. ಎರಡು, ಮೂರು, ನಾಲ್ಕು ಎಂದು ಪಂಪಾವತಿ ಎಣಿಸುತ್ತ ಬಾಟಲಿಗೆ ತುಂಬಿದಳು. ಬೇಲಿಯ ಆಚೆ ಮೆಹಬೂಬಬೀ ಬಂದು ನಿಂತಿದ್ದಳು, ಅವಳ ಹಿಂದೆ ಜನ. ಕೊಟ್ರೇಶನ ಬಾಟಲಿಗೆ ಬಿದ್ದ ಏಳನೆಯ ನೀರೂ ಅವತ್ತು ತಿಳಿಯಾಗಲಿಲ್ಲ, ಗಂಜಿಯ ತಿಳಿಯಂತೆ ಮಸುಕಾಗಿತ್ತು. ರವಿಕುಮಾರ ಚಾಪೆಯ ಮೇಲೆ ಕೂತೇ ಇದ್ದ, ತಾಟಿನ ರೊಟ್ಟಿ ಮುರಿದಿರಲಿಲ್ಲ. ಪಲ್ಯ ಬೇಡವೆಂದು ಕೈ ಅಡ್ಡ ಹಿಡಿದ.

ಮೇಡಂ ಏಳೂ ಬಾಟಲಿಯನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಫೋಟೋ ತೆಗೆದರು, ಒಂದೊಂದಕ್ಕೂ ಚೀಟಿ ಅಂಟಿಸಿದರು. ಊರು, ತಾರೀಖು, ಯಾವ ಪಲ್ಯ, ಎಷ್ಟನೆಯ ನೀರು ಎಂದೆಲ್ಲ ಬರೆದು ಪೆನ್ನು ನಿಲ್ಲಿಸಿದರು.

“ತೊಳದವರ ಹೆಸರ ಬರೀಬೇಕಾಗ್ತೈತ್ರಿ. ಯಾರದ ಹಾಕಲಿ?”

ಪಂಪಾವತಿ ಬಾಯಿ ತೆರೆಯುವಷ್ಟರಲ್ಲಿ ಹುಲಿಗವ್ವ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು. ಬೇಲಿಯ ಆಚೆ ನಿಂತವರಿಗೂ ಕೇಳುವಂತೆ ಹೇಳಿದಳು.

“ಬರ್ಕೋರಿ. ತೊಳದಾಕಿ ಹುಲಿಗವ್ವ.”